ಊರ ಪ್ರಯಾಣವೂ ಮೈಕೈ ನೋವೂ

ಏಪ್ರಿಲ್ ತಿಂಗಳಲ್ಲಿ ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ಸಾಂತಾಕ್ರೂಜಿನ ಕನ್ನಡ ಮನೆಗಳಲ್ಲಿ ಒಂದೇ ಮಾತು: “ಊರಿಗೆ ಯಾವಾಗ ಹೊರಡುತ್ತೀರಿ?” ಟಿಕೇಟು ಸಿಕ್ಕಿತೇ, ಯಾವ ಡಬ್ಬಿ, ಯಾವ ಬರ್ತು ಎಂಬ ವಿಚಾರಣೆ ವಾಕೋಲಾದ ತರಕಾರಿ ಅಂಗಡಿಯಿಂದ ಹಿಡಿದು ಪ್ರಭಾತ್ ಕಾಲನಿಯ ಪೇಜಾವರ ಮಠದವರೆಗೂ ನಡೆಯುತ್ತದೆ. ಜೂನ್ ತಿಂಗಳಲ್ಲಿ ಎಲ್ಲರೂ ಹಿಂತಿರುಗಿದ ಮೇಲೆ ಮಾತಿನ ಧಾಟಿಯೇ ಬೇರೆ. ಒಬ್ಬರಿಗೆ ಸೊಂಟ ಹಿಡಿದಿದೆ, ಇನ್ನೊಬ್ಬರಿಗೆ ಕೈ ಮೇಲೆತ್ತಲಾಗದು, ಮತ್ತೊಬ್ಬರು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದಾರೆ. ವಿಶ್ರಾಂತಿಗೆಂದು ಊರಿಗೆ ಹೋದವರು ಬಂದ ಮೇಲೆ ವಿಶ್ರಾಂತಿಗಾಗಿ ಮತ್ತೆ ರಜೆ ಹಾಕಬೇಕಾದ ಅವಸ್ಥೆ!

ನಾವು ವೈದ್ಯರಲ್ಲ, ಸರಕಾರಿ ಕಚೇರಿಯೊಂದರ ಗುಮಾಸ್ತರು. ಆದರೂ ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ವಾಚಕರ ಮುಂದಿಡುವುದು ಕರ್ತವ್ಯವೆಂದು ತೋರಿದ್ದರಿಂದ ಲೇಖನಿ ಹಿಡಿದಿದ್ದೇವೆ.

ಆ ಬೇಸಿಗೆಯಲ್ಲಿ ತಾಯಿಯವರು, ಮಡದಿ, ಎಂಟು ವರ್ಷದ ಮಗ ಇವರೊಡನೆ ಕುಂದಾಪುರಕ್ಕೆ ಹೊರಟಿದ್ದೆವು. ಮಧ್ಯಾಹ್ನ ಮೂರರ ಮೇಲೆ ಗಾಡಿ ಹತ್ತಿದರೆ ಮರುದಿನ ಬೆಳಗಿನ ಜಾವಕ್ಕೆ ಊರು. ತಾಯಿಯವರಿಗೆ ಕಿಟಕಿಯ ಪಕ್ಕದ ಕೆಳ ಬರ್ತು ಸಿಕ್ಕಿತ್ತು. ಅವರ ಕಾಲ ಬಳಿ ನಮ್ಮ ಎರಡು ಗಂಟುಗಳು. ಅವುಗಳ ಮೇಲೆ ಕಾಲು ಮಡಚಿ ಕುಳಿತವರು ಕದಲಲೇ ಇಲ್ಲ. ನೀರು ಕೊಟ್ಟರೆ “ಈಗ ಬೇಡ” ಎನ್ನುವರು. ಓಡುವ ಗಾಡಿಯಲ್ಲಿ ತೂರಾಡುತ್ತ ಪಾಯಖಾನೆಗೆ ಹೋಗುವುದು ಅವರಿಗೆ ಹೆದರಿಕೆ. ನೀರೇ ಕುಡಿಯದಿದ್ದರೆ ಹೋಗುವ ಪ್ರಸಂಗವೇ ಬಾರದು ಎಂಬುದು ಅವರ ಲೆಕ್ಕ. ರಾತ್ರಿ ಮೊಮ್ಮಗ ಹಾಯಾಗಿ ಮಲಗಲೆಂದು ತಮ್ಮ ಬರ್ತನ್ನು ಅವನಿಗೆ ಬಿಟ್ಟು, ಅವನ ಕಾಲ ದೆಸೆಯಲ್ಲಿ ಕುಳಿತೇ ಬೆಳಗು ಮಾಡಿದರು. ನಾವು ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದೆವು.

ಊರು ಸೇರಿದ ಮೂರನೆಯ ದಿನ ಅವರು ಕುಂಟುತ್ತಿದ್ದುದನ್ನು ಮೊದಲು ಕಂಡವರು ಅತ್ತಿಗೆ. ಎಡಗಾಲಿನ ಮೀನಖಂಡ ಊದಿ ಬಿಸಿಯಾಗಿತ್ತು. ಬಲಗಾಲು ಎಂದಿನಂತೆಯೇ ಇತ್ತು. ಕೇಳಿದರೆ, “ಎಂತದೂ ಇಲ್ಲ ಮಗಾ, ಕೂತು ಕೂತು ಜೋಮು ಹಿಡಿದದ್ದು” ಎಂದರು. ರಜೆಗೆ ಬಂದ ಮಕ್ಕಳ ಸಂತೋಷ ಕೆಡಬಾರದೆಂದು ಎರಡು ದಿನ ನೋವು ನುಂಗಿಕೊಂಡಿದ್ದರು. ಅತ್ತಿಗೆ ಎಣ್ಣೆ ಕಾಯಿಸಿ ತಂದು, ಇನ್ನೇನು ತಿಕ್ಕಬೇಕು ಎನ್ನುವಾಗ ನೆರೆಮನೆಯ ನರ್ಸಮ್ಮ ಬಂದವರು ಕೈ ಹಿಡಿದು ತಡೆದರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. “ತಿಕ್ಕಿದ್ದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿತ್ತು, ಹಾಗಾದರೆ ಜೀವಕ್ಕೇ ಕುತ್ತು” ಎಂದು ವೈದ್ಯರು ಹೇಳಿದಾಗ ನಮ್ಮ ಬಾಯಿಯ ಪಸೆ ಆರಿತು. ಮೂರು ತಿಂಗಳು ಮಾತ್ರೆ ನುಂಗಿ, ದೇವರ ದಯೆಯಿಂದ, ತಾಯಿಯವರು ಗುಣಮುಖರಾದರು.

ಇದು ಹೇಗಾಗುತ್ತದೆ? ಕಾಲಿನ ರಕ್ತ ಮೇಲಕ್ಕೇರಿ ಹೃದಯಕ್ಕೆ ಮರಳಲು ಮೀನಖಂಡದ ಸ್ನಾಯುಗಳೇ ಪಂಪಿನಂತೆ ನೆರವಾಗುತ್ತವೆ. ನಡೆದಾಗ ಪಂಪು ನಡೆಯುತ್ತದೆ. ಗಂಟೆಗಟ್ಟಲೆ ಕದಲದೆ ಕುಳಿತರೆ ರಕ್ತದ ಓಟ ಮಂದವಾಗುತ್ತದೆ. ಇದು ಹೊಸ ಸಂಗತಿಯೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಜನ ಬಾಂಬುಗಳಿಗೆ ಅಂಜಿ ಆಶ್ರಯತಾಣಗಳಲ್ಲಿ ರಾತ್ರಿಯಿಡೀ ಕುರ್ಚಿಗಳಲ್ಲಿ ಕುಳಿತಿರುತ್ತಿದ್ದರು. ಹೀಗೆ ಕುಳಿತವರಲ್ಲಿ ಕೆಲವರು ಶ್ವಾಸಕೋಶಕ್ಕೆ ಹೆಪ್ಪು ಸೇರಿ ಸತ್ತುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ೧೯೪೦ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ವಿಮಾನವಿರಲಿ, ರೈಲಿರಲಿ, ಬಸ್ಸಿರಲಿ, ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೦೭ರಲ್ಲಿ ತಿಳಿಸಿತು. ಆದರೆ ಹೆದರಬೇಕಾದುದಿಲ್ಲ, ನಾಲ್ಕು ಗಂಟೆ ಮೀರಿದ ವಿಮಾನ ಪ್ರಯಾಣದಲ್ಲಿ ಕೂಡ ಸುಮಾರು ಆರು ಸಾವಿರ ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂದೂ ಅದೇ ಸಂಸ್ಥೆ ಹೇಳಿದೆ. ಹೆದರಿಕೆ ಬೇಡ, ಎಚ್ಚರ ಬೇಕು.

ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ ಕೊಂಕಣ ರೈಲುದಾರಿ ೧೯೯೮ರಲ್ಲಿ ಪೂರ್ತಿಯಾಗಿ ತೆರೆಯುವ ಮೊದಲು ನಮ್ಮ ಹಿರಿಯರು ಬಸ್ಸಿನಲ್ಲಿ ಮೈ ಹಣ್ಣಾಗಿಸಿಕೊಂಡು ಊರು ಸೇರುತ್ತಿದ್ದರು. ಆದರೆ ಆ ಬಸ್ಸು ಚಹಕ್ಕೆ, ಊಟಕ್ಕೆ ಅಲ್ಲಲ್ಲಿ ನಿಲ್ಲುತ್ತಿತ್ತು. ಎಲ್ಲರೂ ಇಳಿದು ನಾಲ್ಕು ಹೆಜ್ಜೆ ಓಡಾಡುತ್ತಿದ್ದರು. ಈಗಿನ ರೈಲಿನಲ್ಲಿ ಚಹವೂ ವಡೆಯೂ ಕುಳಿತಲ್ಲಿಗೇ ಬರುವುದರಿಂದ ಏಳುವ ಕಾರಣವೇ ಇಲ್ಲದಂತಾಗಿದೆ. ಆದುದರಿಂದ ಕಾರಣವನ್ನು ನಾವೇ ಮಾಡಿಕೊಳ್ಳಬೇಕು. ಗಂಟೆಗೋ ಎರಡು ಗಂಟೆಗೋ ಒಮ್ಮೆ ಎದ್ದು, ಬರ್ತಿನ ಅಂಚು ಹಿಡಿದುಕೊಂಡು ಡಬ್ಬಿಯ ಉದ್ದಕ್ಕೆ ನಡೆದು ಬರಬೇಕು. ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ಕಾಲ ಬಳಿ ಸಾಮಾನು ತುರುಕಬಾರದು. ನೀರನ್ನು ಆಗಾಗ ಕುಡಿಯಬೇಕು. ಮನೆಯ ಹಿರಿಯರು ಪಾಯಖಾನೆಗೆ ಹೋಗಲು ಅಂಜಿದರೆ ಮಕ್ಕಳು ಜೊತೆಗೆ ಹೋಗಿ ಬಾಗಿಲ ಹೊರಗೆ ನಿಲ್ಲಲಿ, ಇದರಲ್ಲಿ ನಾಚಿಕೆಯೇನು? ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು; ತಾವಾಗಿ ಮಾತ್ರೆ ನುಂಗಬಾರದು. ಒಂದೇ ಕಾಲು ಊದಿ ನೋಯುತ್ತಿದ್ದರೆ ತಿಕ್ಕದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಏಕಾಏಕಿ ಉಬ್ಬಸ, ಎದೆನೋವು ಬಂದರೆ ಕ್ಷಣವೂ ತಡೆಯಬಾರದು. ರೈಲಿನಲ್ಲಾದರೆ ೧೩೯ಕ್ಕೆ ಫೋನು ಮಾಡಿ ಸಹಾಯ ಕೇಳಬಹುದು.

ಇನ್ನು ಹೊರೆಯ ವಿಷಯ. ಹೋಗುವಾಗ ಬಟ್ಟೆಬರೆ, ಮಕ್ಕಳಿಗೆ ಮಿಠಾಯಿ. ಬರುವಾಗ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾಲದೆಂಬಂತೆ ಹೊರಡುವ ಗಳಿಗೆಯಲ್ಲಿ ಅಕ್ಕ ತಂದಿಡುವ ಹಲಸಿನ ಹಣ್ಣು. ಸುಲಿದ ಕಾಯಿಯೊಂದು ಅರ್ಧ ಕಿಲೋ ಎಂದರೂ ಮೂವತ್ತು ಕಾಯಿಗೆ ಹದಿನೈದು ಕಿಲೋ. ಸ್ಲೀಪರ್ ಡಬ್ಬಿಯಲ್ಲಿ ತಲೆಗೆ ನಲವತ್ತು ಕಿಲೋ ಒಯ್ಯಲು ರೈಲ್ವೆ ಅನುಮತಿ ಕೊಡುತ್ತದೆ, ನಿಜ. ನಮ್ಮ ಬೆನ್ನು ಕೊಡಬೇಕಲ್ಲ! ವರ್ಷವಿಡೀ ಲೇಖನಿಗಿಂತ ಭಾರವಾದುದನ್ನು ಎತ್ತದ ನಾವು ಒಮ್ಮೆ ಕಾಯಿಯ ಗೋಣಿಯನ್ನು ಸೊಂಟ ಬಗ್ಗಿಸಿ ಎಳೆದೆತ್ತಿ, ಅದೇ ರಭಸದಲ್ಲಿ ಪಕ್ಕಕ್ಕೆ ತಿರುಗಿದೆವು. ಕಟಕ್ಕೆಂದ ಸೊಂಟ ಹತ್ತು ದಿನ ನೇರವಾಗಲಿಲ್ಲ. ಭಾರ ಎತ್ತುವಾಗ ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು, ಗಂಟನ್ನು ಮೈಗೆ ತಾಗಿಸಿಕೊಂಡು ಏಳಬೇಕು. ತಿರುಗಬೇಕಾದರೆ ಸೊಂಟವನ್ನಲ್ಲ, ಪಾದಗಳನ್ನು ತಿರುಗಿಸಬೇಕು. ಒಂದು ದೊಡ್ಡ ಗಂಟಿಗಿಂತ ಎರಡು ಸಣ್ಣವು ಲೇಸು. ಹಮಾಲರಿಗೆ ಕೊಡುವ ಹಣ ದುಂದಲ್ಲ. ಮುಲಾಮಿಗೂ ಮಾಲೀಸಿಗೂ ಅದಕ್ಕಿಂತ ಹೆಚ್ಚು ತೆರಬೇಕಾದೀತು.

ಬರ್ತಿನ ವಿಷಯದಲ್ಲೂ ಎಚ್ಚರ ಬೇಕು. ೨೦೨೪ರ ಜೂನ್‌ನಲ್ಲಿ ಕೇರಳದಿಂದ ದಿಲ್ಲಿಗೆ ಹೋಗುತ್ತಿದ್ದ ರೈಲೊಂದರಲ್ಲಿ ಮೇಲಿನ ಬರ್ತು ಬಿದ್ದು ಕೆಳಗಿದ್ದವರೊಬ್ಬರು ಜೀವ ಕಳೆದುಕೊಂಡರು. ಸರಪಳಿಯನ್ನು ಸರಿಯಾಗಿ ಸಿಕ್ಕಿಸಿರಲಿಲ್ಲವೆಂದು ರೈಲ್ವೆ ಹೇಳಿತು. ಮಲಗುವ ಮೊದಲು ಸರಪಳಿಯನ್ನೊಮ್ಮೆ ಜಗ್ಗಿ ನೋಡುವುದು ಎಷ್ಟು ಹೊತ್ತಿನ ಕೆಲಸ? ನಮ್ಮ ಕಡೆಯ ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದೇ ಎರಡು ಮೂರು ನಿಮಿಷ. ಹಿಂದಿನ ನಿಲ್ದಾಣ ದಾಟಿದೊಡನೆ ಸಾಮಾನು ಜೋಡಿಸಿಟ್ಟು ಸಿದ್ಧರಾಗಿದ್ದು, ಗಾಡಿ ಪೂರ್ತಿ ನಿಂತ ಮೇಲೆ ಮೊದಲು ಮನುಷ್ಯರು ಇಳಿಯಲಿ, ಆಮೇಲೆ ಗಂಟುಗಳು. ಗಾಡಿ ಹೊರಟುಬಿಟ್ಟರೆ ಹಾರಬೇಡಿ. ಮುಂದಿನ ನಿಲ್ದಾಣದಿಂದ ಹಿಂದಕ್ಕೆ ಬರಲು ಬಸ್ಸುಂಟು, ಮುರಿದ ಕಾಲಿಗೆ ಬಸ್ಸಿಲ್ಲ.

ಊರು ತಲುಪಿದ ಮೇಲೆ ಬಾಲ್ಯದ ಹುರುಪು ಮರುಕಳಿಸಿ, ಮೊದಲ ದಿನವೇ ಬಾವಿಯಿಂದ ಇಪ್ಪತ್ತು ಕೊಡ ನೀರು ಸೇದಲು, ಮಾವಿನ ಮರ ಹತ್ತಲು ಹೊರಡುವವರಿಗೆ ಒಂದು ಮಾತು: ಮರ ಅದೇ ಇರಬಹುದು, ನಾವು ಅದೇ ಅಲ್ಲ. ಮೊದಲ ಮಳೆ ಬಿದ್ದೊಡನೆ ಅಂಗಳದ ಕಲ್ಲು ಜಾರುತ್ತದೆಂಬುದು ಊರಿನವರಿಗೆ ಗೊತ್ತು. ಮುಂಬಯಿಯ ಚಪ್ಪಲಿಗೆ ಗೊತ್ತಿಲ್ಲ.

ಕಳೆದ ಬೇಸಿಗೆಯಲ್ಲಿ, ವೈದ್ಯರ ಒಪ್ಪಿಗೆ ಪಡೆದು, ತಾಯಿಯವರನ್ನು ಮತ್ತೆ ಊರಿಗೆ ಕರೆದೊಯ್ದೆವು. ಅವರ ಬರ್ತು ಅವರಿಗೇ. ಮಗ ನಮ್ಮ ಪಕ್ಕದಲ್ಲಿ. ಪನ್ವೇಲ್ ದಾಟಿದಾಗ ಅಜ್ಜಿ ಮೊಮ್ಮಗನ ಕೈ ಹಿಡಿದು ಡಬ್ಬಿಯ ಆ ತುದಿಗೆ ಹೋಗಿಬಂದರು, ರತ್ನಾಗಿರಿಯಲ್ಲಿ ಇನ್ನೊಮ್ಮೆ. ಮಡದಿ ಗಡಿಯಾರ ನೋಡಿ ನೀರು ಕೊಡುತ್ತಿದ್ದಳು. ರಾತ್ರಿ ಮಲಗುವ ಮೊದಲು ತಾಯಿಯವರು ಖಾಲಿ ಬಾಟಲಿಯನ್ನು ನಮ್ಮೆದುರು ಹಿಡಿದು, “ಇದು ಮುಗೀತು ಮಗಾ, ಇನ್ನೊಂದು ಉಂಟಾ?” ಎಂದರು. ಅಂದು ಅವರ ಬಾಯಿಂದ ಅದಕ್ಕಿಂತ ಇಂಪಾದ ಮಾತನ್ನು ನಾವು ಕೇಳಲಿಲ್ಲ.