ತನ್ನನ್ನೇ ಅನುಮಾನಿಸುವ ಗಗನ್

ಪರದೆಯ ಮೇಲಿದ್ದ ‘ಎಲ್‌ಪಿವಿ’ ಎಂಬ ಹಸಿರು ಅಕ್ಷರಗಳು ಮಾಯವಾಗಿ ಆ ಜಾಗದಲ್ಲಿ ‘ಎಲ್‌ನ್ಯಾವ್’ ಬಂದು ಕೂತಾಗ ನಾವು ನೆಲದಿಂದ ಎಂಟುನೂರು ಅಡಿ ಮೇಲಿದ್ದೆವು. ನಾವು ಎಂದರೆ, ಬೆಂಗಳೂರಿನ ತರಬೇತಿ ಕೇಂದ್ರವೊಂದರ ಸಿಮ್ಯುಲೇಟರಿನೊಳಗಿದ್ದ ಹಿರಿಯ ಕ್ಯಾಪ್ಟನ್ ಮತ್ತು ಅವರ ಬೆನ್ನಹಿಂದಿನ ಸೀಟಿನಲ್ಲಿ ನಾನು. ಎಂಟು ಸೀಟಿನ ಬಿಸಿನೆಸ್ ಜೆಟ್, ಎದುರಿಗೆ ಬರೀ ಬೂದು ಮೋಡ. ಎಲ್‌ಪಿವಿ ಎಂದರೆ ಉಪಗ್ರಹ ನಂಬಿ ಎಡಬಲದ ಜೊತೆಗೆ ಎತ್ತರವನ್ನೂ ತೋರಿಸುತ್ತ ಇಳಿಸುವ ವಿಧಾನ; ಎಲ್‌ನ್ಯಾವ್ ತೋರಿಸುವುದು ಎಡಬಲ ಮಾತ್ರ. ಇಳಿಯುವ ಕೋನ ತೋರಿಸುತ್ತಿದ್ದ ಪುಟ್ಟ ವಜ್ರದಾಕಾರದ ಗುರುತೂ ಅಳಿಸಿಹೋಯಿತು. ಕ್ಯಾಪ್ಟನ್ ಥ್ರಾಟಲ್ ಮುಂದೆ ತಳ್ಳಿ ವಿಮಾನದ ಮೂತಿ ಎತ್ತಿದರು. “ಯಂತ್ರ ಕೆಟ್ಟಿಲ್ಲ ಸಾರ್. ಅದಕ್ಕೆ ತನ್ನ ಮೇಲೇ ಅನುಮಾನ ಬಂತು, ಬಾಯಿಬಿಟ್ಟು ಹೇಳಿತು. ಇನ್ನೇನು ಬೇಕು?”

ನನ್ನ ತಲೆಯಲ್ಲಿ ಇನ್ನೂ ಆ ಮಾತೇ ಸುತ್ತುತ್ತಿದೆ. ಉಪಗ್ರಹ ನೋಡಿಕೊಂಡು ಇಳಿಯುವ ವಿಮಾನಕ್ಕೆ ಎಷ್ಟು ಮೀಟರ್ ನಿಖರತೆ ಎಂದು ಎಲ್ಲರೂ ಕೇಳುತ್ತಾರೆ. ನಿಯಮ ಬರೆದವರ ಚಿಂತೆ ಬೇರೆ. ಲೆಕ್ಕದ ದೋಷ ಅಡ್ಡಕ್ಕೆ 40 ಮೀಟರ್, ಎತ್ತರದಲ್ಲಿ 50 ಮೀಟರ್ ದಾಟುವ ಸಂಭವವಿದ್ದರೆ 10 ಸೆಕೆಂಡಿನೊಳಗೆ ಪೈಲಟ್‌ಗೆ ಗೊತ್ತಾಗಬೇಕು. ಹೇಳದೆ ಕೈಕೊಡುವುದು ಒಂದು ಕೋಟಿ ಇಳಿಯುವಿಕೆಗೆ ಎರಡು ಸಲ ಮೀರಬಾರದು.

ನಮ್ಮಲ್ಲಿ ಈ ಕಾವಲು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’ನದು. ದೇಶದ 15 ನೆಲೆಗಳು ಜಿಪಿಎಸ್ ಆಲಿಸುತ್ತವೆ, ಬೆಂಗಳೂರಿನ ಕುಂದಲಹಳ್ಳಿಯಲ್ಲಿ ತಪ್ಪು ಲೆಕ್ಕಹಾಕಿ, ಜಿಸ್ಯಾಟ್ ಉಪಗ್ರಹಗಳ ಮೂಲಕ ತಿದ್ದುಪಡಿ ಬಿತ್ತರಿಸುತ್ತಾರೆ. ಲಂಬ ಮಾರ್ಗದರ್ಶನಕ್ಕೆ ಪ್ರಮಾಣಪತ್ರ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ. 2022ರ ಏಪ್ರಿಲ್ ಕೊನೆಯಲ್ಲಿ ಇಂಡಿಗೊದ ಎಟಿಆರ್ ರಾಜಸ್ಥಾನದ ಕಿಶನ್‌ಗಢದಲ್ಲಿ ಇದನ್ನು ನಂಬಿ ಇಳಿಯಿತು. ಅಮೆರಿಕದಲ್ಲಿ ಎಲ್‌ಪಿವಿ ವಿಧಾನಗಳು 4,000 ದಾಟಿವೆ. ನೆಲದ ಕಂಬಗಳಿಂದ ರೇಡಿಯೊ ಕಿರಣ ಬೀರಿ ದಾರಿ ತೋರುವ ಐಎಲ್‌ಎಸ್ ಇಲ್ಲದ ಸಣ್ಣ ರನ್‌ವೇಗಳಿಗೆ ಹೋಗುವ ಬಿಸಿನೆಸ್ ಜೆಟ್‌ಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಅಮೆರಿಕದ ವ್ಯವಸ್ಥೆಯನ್ನು ಹಾಗೇ ತಂದು ಇಲ್ಲಿ ಕೂರಿಸಿದರೆ ಸಾಲದೇ? ಸಾಲದು, ಏಕೆಂದರೆ ನಮ್ಮ ಆಕಾಶ ತಂಟೆಯದು. ಭೂಮಿಯ ಕಾಂತ ಸಮಭಾಜಕ ದಕ್ಷಿಣ ಭಾರತದ ತುದಿಯ ಮೇಲೆ ಹಾದುಹೋಗುತ್ತದೆ. ಭಾರತದ ನೆಲದಿಂದ 1963ರಲ್ಲಿ ಹಾರಿದ ಮೊದಲ ಸಂಶೋಧನಾ ರಾಕೆಟ್ಟಿಗೆ ಕೇರಳದ ‘ತುಂಬಾ’ ಎಂಬ ಹಳ್ಳಿಯನ್ನು ಆರಿಸಿದ್ದೇ ಅದಕ್ಕೆ. ಸೂರ್ಯ ಮುಳುಗಿದ ಮೇಲೆ ಆ ಸಮಭಾಜಕದ ನೆತ್ತಿಯಲ್ಲಿ, ವಾತಾವರಣದ ಮೇಲ್ತುದಿಯ ವಿದ್ಯುದಾವಿಷ್ಟ ಪದರವಾದ ಅಯಾನುಗೋಳದ ತಳಭಾಗ ತೆಳುವಾಗಿ, ಅಲ್ಲಿಂದ ವಿರಳ ಪ್ಲಾಸ್ಮಾ ಕುದಿಯುವ ಗಂಜಿಯ ಗುಳ್ಳೆಗಳಂತೆ ಮೇಲೇಳುತ್ತದೆ. ಉತ್ತರ–ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ಚಾಚಿ, ಪೂರ್ವಕ್ಕೆ ತೇಲುತ್ತದೆ. ಯುಗಾದಿ, ನವರಾತ್ರಿಗಳ ಆಸುಪಾಸಿನಲ್ಲಿ, ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಇದರ ಹಾವಳಿ ಹೆಚ್ಚು. ರಾತ್ರಿಯಾಕಾಶದ ಮಂದ ಕೆಂಪು ಬೆಳಕನ್ನು ಹಿಡಿಯುವ ಕ್ಯಾಮೆರಾಗಳಲ್ಲಿ ಈ ಗುಳ್ಳೆಗಳು ಕಪ್ಪು ಪಟ್ಟೆಗಳಾಗಿ ಕಾಣುತ್ತವೆ. ಆ ಚಿತ್ರಗಳನ್ನು ಎಷ್ಟು ನೋಡಿದರೂ ನನಗೆ ಸಾಕೆನಿಸದು. ಜಿಪಿಎಸ್ ಸಂಕೇತ ಪಟ್ಟೆಯೊಳಗೆ ಹೊಕ್ಕರೆ ಮಿನುಗುತ್ತದೆ, ಕೆಲವೊಮ್ಮೆ ಕಡಿದೇ ಹೋಗುತ್ತದೆ. ಅಮೆರಿಕದವರು ಅಯಾನುಗೋಳವನ್ನು ಒಂದೇ ತೆಳು ಪದರವೆಂದು ಎಣಿಸಿ ಲೆಕ್ಕ ಮಾಡಿದ್ದರು. ಇಸ್ರೊ ಹಲವು ಪದರಗಳ ತನ್ನದೇ ಮಾದರಿ ಕಟ್ಟಬೇಕಾಯಿತು.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ತಕರಾರಿದೆ. ಗಗನ್ ಪ್ರಕೃತಿಯ ತಂಟೆ ಹಿಡಿಯಬಲ್ಲದು, ಮನುಷ್ಯನ ಮೋಸವನ್ನಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಇರಾಕ್–ಇರಾನ್ ಗಡಿಯ ಬಳಿ ಸುಳ್ಳು ಜಿಪಿಎಸ್ ಸಂಕೇತ ನುಂಗಿ ದಾರಿ ತಪ್ಪಿದವುಗಳಲ್ಲಿ ಬಿಸಿನೆಸ್ ಜೆಟ್‌ಗಳೂ ಇದ್ದವು. ವಿಮಾನದ ಆಂಟೆನಾಕ್ಕೆ ಹತ್ತಿರದಿಂದ ಯಾರೋ ಸುಳ್ಳು ಊದಿದರೆ ಅದು ಕುಂದಲಹಳ್ಳಿಗೆ ಕೇಳಿಸುವುದಿಲ್ಲ.

ಆದ್ದರಿಂದ ಉಪಗ್ರಹ ಬಂತೆಂದು ಐಎಲ್‌ಎಸ್ ಕಂಬ ಕೀಳುವ ಮಾತಿಗೆ ನನ್ನ ಸಮ್ಮತಿಯಿಲ್ಲ. ಹಿಂದೆ ಕೂತ ಮಾಲೀಕರು ಎಷ್ಟೇ ಅವಸರಿಸಲಿ, ಐಎಲ್‌ಎಸ್ ಇರುವ ಇನ್ನೊಂದು ಊರು ಮುಟ್ಟುವಷ್ಟು ಇಂಧನ ತುಂಬಿಸಿಕೊಂಡೇ ಹೊರಡುವ ಪೈಲಟ್ ಇರುವ ವಿಮಾನವನ್ನು ನಾನು ಹತ್ತುತ್ತೇನೆ.