ಕಣ್ಣಿನೊಳಗೆ ಬೀಳುವ ಕೊಳವೆ

2024ರ ಅಕ್ಟೋಬರ್ 7, ಸೋಮವಾರ. ಅಮೆರಿಕದ ಫ್ಲಾರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ, ಟ್ಯಾಂಪಾ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಮನೆಗಳ ಮುಂದೆ ಸಾಮಾನು ರಾಶಿ ಬಿದ್ದಿತ್ತು. ಉಪ್ಪುನೀರು ಕುಡಿದು ಉಬ್ಬಿದ ಸೋಫಾ, ಹಾಸಿಗೆ, ಕೆಟ್ಟುಹೋದ ಫ್ರಿಜ್. ಹನ್ನೊಂದು ದಿನ ಹಿಂದೆ ಹೆಲೀನ್ ಚಂಡಮಾರುತ ದೂರದಲ್ಲೇ ಹಾದುಹೋಗಿದ್ದರೂ ಕಡಲನ್ನು ಮನೆಯೊಳಗೆ ತಂದು ಬಿಟ್ಟಿತ್ತು. ಆ ಕಸ ತೆಗೆಯುವ ಮೊದಲೇ ಮಿಲ್ಟನ್ ಎಂಬ ಇನ್ನೊಂದು ಹೊರಟಿತ್ತು. ಬೀದಿಯಲ್ಲಿ ಬಿದ್ದ ಈ ಸಾಮಾನೇ ಗಾಳಿಗೆ ಹಾರಿ ಯಾರ ಗೋಡೆಗೆ ಬಡಿಯುತ್ತದೋ ಎಂಬ ಹೆದರಿಕೆಯಿಂದ ಲಾರಿಗಳು ಹಗಲೂ ರಾತ್ರಿ ಅದನ್ನು ಸಾಗಿಸುತ್ತಿದ್ದವು. ಜನ ಕಿಟಕಿಗಳಿಗೆ ಪ್ಲೈವುಡ್ ಹೊಡೆದರು, ಬಾಗಿಲಿಗೆ ಮರಳಿನ ಚೀಲ ಇಟ್ಟರು, ಸ್ನಾನದ ತೊಟ್ಟಿಗಳಲ್ಲಿ ನೀರು ತುಂಬಿಸಿದರು. ಪೆಟ್ರೋಲ್ ಬಂಕುಗಳು ಒಂದೊಂದಾಗಿ ಬರಿದಾದವು. ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಕಾರುಗಳು ಆಮೆಯಂತೆ ತೆವಳಿದವು.

ಇಷ್ಟೆಲ್ಲ ಓಡಾಟದ ಕೆಳಗೆ ಇದ್ದದ್ದು ಒಂದೇ ಪ್ರಶ್ನೆ: ಚಂಡಮಾರುತದ ಕಣ್ಣು, ಅಂದರೆ ಅದರ ನಟ್ಟನಡು, ಕೊಲ್ಲಿಯ ಬಾಯಿಗಿಂತ ಉತ್ತರಕ್ಕೆ ದಡ ಹತ್ತುತ್ತದೋ, ದಕ್ಷಿಣಕ್ಕೋ?

ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ದಡಕ್ಕೆ ಅದು ಬಂದಾಗ, ಕಣ್ಣಿನ ದಕ್ಷಿಣಕ್ಕಿರುವವರ ಮೇಲೆ ಗಾಳಿ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ, ನೀರನ್ನು ತಳ್ಳಿ ತರುತ್ತದೆ. ಕಣ್ಣಿನ ಉತ್ತರಕ್ಕಿರುವವರಿಗೆ ಗಾಳಿ ನೆಲದಿಂದ ಕಡಲ ಕಡೆಗೆ. ನೀರು ದಡ ಬಿಟ್ಟು ಓಡುತ್ತದೆ. ಹಾಗಾಗಿ ಮಿಲ್ಟನ್ ಕೊಲ್ಲಿಯ ಉತ್ತರಕ್ಕೆ ಹೊರಳಿದರೆ ಟ್ಯಾಂಪಾ ಮುಳುಗುತ್ತಿತ್ತು, ದಕ್ಷಿಣಕ್ಕೆ ಹೊರಳಿದರೆ ಕೊಲ್ಲಿಯೇ ಬತ್ತುತ್ತಿತ್ತು. ನಡುವಿನ ಅಂತರ ಕೆಲವೇ ಹತ್ತು ಕಿಲೋಮೀಟರು. ಸಾವಿರ ಕಿಲೋಮೀಟರ್ ಆಚೆ, ಮೆಕ್ಸಿಕೋ ಪಕ್ಕದ ಕಡಲಿನಲ್ಲಿ ಸುತ್ತುತ್ತಿರುವ ಗಾಳಿಯ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಹೇಳುವುದು ಹೇಗೆ? ಈ ಕೆಲಸದ ಭಾರ ಹೊತ್ತವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಒಂದು ಪುಟ್ಟ ಕೊಳವೆ.

ಅದರ ಹೆಸರು ಡ್ರಾಪ್‌ಸೋಂಡ್. ಉದ್ದ ಸುಮಾರು 40 ಸೆಂಟಿಮೀಟರ್, ದಪ್ಪ 7 ಸೆಂಟಿಮೀಟರ್, ತೂಕ ಅರ್ಧ ಕಿಲೋಗಿಂತ ಕಡಿಮೆ. ಕೈಯಲ್ಲಿ ಹಿಡಿದರೆ ಪೋಸ್ಟರ್ ಸುತ್ತಿಡುವ ರಟ್ಟಿನ ಕೊಳವೆಯಂತೆ. ಒಳಗೆ ಗಾಳಿಯ ಒತ್ತಡ, ಉಷ್ಣತೆ, ತೇವಾಂಶ ಅಳೆಯುವ ಸಂವೇದಕಗಳು, ಒಂದು ಜಿಪಿಎಸ್ ಚಿಪ್, ಒಂದು ರೇಡಿಯೋ, ಒಂದು ಬ್ಯಾಟರಿ. ತುದಿಯಲ್ಲಿ ಮಡಿಸಿಟ್ಟ ಸಣ್ಣ ಪ್ಯಾರಾಚೂಟ್. ಕೊಲರಾಡೋದ ಬೌಲ್ಡರ್‌ನಲ್ಲಿರುವ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರ ಇದನ್ನು ರೂಪಿಸಿತು. ಜಿಪಿಎಸ್ ಇರುವ ಮಾದರಿ ಬಳಕೆಗೆ ಬಂದದ್ದು 1990ರ ದಶಕದ ಕೊನೆಯಲ್ಲಿ.

ಚಂಡಮಾರುತದೊಳಗೆ ಹೊಕ್ಕ ವಿಮಾನದ ನೆಲದಲ್ಲಿ ಒಂದು ಕಿಂಡಿ ಇರುತ್ತದೆ. ಸಿಬ್ಬಂದಿ ಕೊಳವೆಯನ್ನು ಅದರೊಳಗೆ ಇಳಿಸಿ ಬಿಡುತ್ತಾರೆ. ಪ್ಯಾರಾಚೂಟ್ ಬಿಚ್ಚಿಕೊಂಡು ಕೊಳವೆ ನೆಟ್ಟಗೆ ನಿಲ್ಲುತ್ತದೆ, ಮತ್ತೆ ಬೀಳತೊಡಗುತ್ತದೆ. ಮೂರು ಕಿಲೋಮೀಟರ್ ಎತ್ತರದಿಂದ ಕಡಲು ತಲುಪಲು ಅದಕ್ಕೆ ನಾಲ್ಕು ನಿಮಿಷ ಸಾಕು. ಗಾಳಿಯ ವೇಗ ಅಳೆಯಲು ಅದರಲ್ಲಿ ತಿರುಗುವ ಬಟ್ಟಲುಗಳಿಲ್ಲ, ರೆಕ್ಕೆಗಳಿಲ್ಲ. ಗಾಳಿ ಎತ್ತ ಒಯ್ದರೆ ಅತ್ತ ಹೋಗುವುದೇ ಅದರ ಅಳತೆ. ಜಿಪಿಎಸ್ ಅದು ಕ್ಷಣಕ್ಷಣಕ್ಕೂ ಎಷ್ಟು ಸರಿಯಿತು ಎಂದು ಹೇಳುತ್ತದೆ. ಆ ಸರಿಯುವಿಕೆಯೇ ಗಾಳಿಯ ವೇಗ, ಗಾಳಿಯ ದಿಕ್ಕು. ಸೆಕೆಂಡಿಗೆ ಹಲವು ಬಾರಿ ಈ ಲೆಕ್ಕ ಮೇಲಿನ ವಿಮಾನಕ್ಕೆ ರೇಡಿಯೋದಲ್ಲಿ ಹೋಗುತ್ತದೆ. ಕೊಳವೆ ನೀರಿಗೆ ಬಿದ್ದೊಡನೆ ಮಾತು ನಿಲ್ಲುತ್ತದೆ. ಅದನ್ನು ಯಾರೂ ಹೆಕ್ಕಿ ತರುವುದಿಲ್ಲ.

ಬೀಳುವ ಮುಂಚಿನ ಅದರ ಕೊನೆಯ ಮಾತು ಬಹಳ ಬೆಲೆಯುಳ್ಳದ್ದು. ಕಣ್ಣಿನ ನಟ್ಟನಡುವೆ ಬಿದ್ದ ಕೊಳವೆ ಕಡಲ ಮಟ್ಟದಲ್ಲಿ ಹೇಳುವ ಒತ್ತಡವೇ ಆ ಚಂಡಮಾರುತದ ನಾಡಿ. ಕಣ್ಣಿನ ನಡುವೆ ಗಾಳಿ ಇರುವುದಿಲ್ಲ. ಕೊಳವೆ ತುಸು ಪಕ್ಕಕ್ಕೆ ಬಿದ್ದರೆ ಗಾಳಿ ತಾಗುತ್ತದೆ. ಆಗ ಪ್ರತಿ 10 ನಾಟ್ ಗಾಳಿಗೆ 1 ಮಿಲಿಬಾರ್‌ನಂತೆ ಒತ್ತಡದಿಂದ ಕಳೆಯುತ್ತಾರೆ. ತಾನು ಎಷ್ಟು ಗುರಿ ತಪ್ಪಿದೆ ಎಂಬುದನ್ನೂ ಕೊಳವೆ ತಾನೇ ಹೇಳಿ ಮುಳುಗುತ್ತದೆ ಎಂದಾಯಿತು. ಮಾಮೂಲಿ ದಿನ ಕಡಲ ಮಟ್ಟದ ಒತ್ತಡ ಸುಮಾರು 1,013 ಮಿಲಿಬಾರ್. ಆ ಸೋಮವಾರ ಸಂಜೆಯ ಹೊತ್ತಿಗೆ ಮಿಲ್ಟನ್‌ನ ಒತ್ತಡ 900ಕ್ಕಿಂತಲೂ ಕೆಳಗೆ ಇಳಿದಿತ್ತು, ಗಾಳಿ ಗಂಟೆಗೆ 290 ಕಿಲೋಮೀಟರ್ ಮುಟ್ಟಿತ್ತು. ದಶಕಗಳಿಂದ ಟಿವಿಯಲ್ಲಿ ಹವಾಮಾನ ಹೇಳುತ್ತ ಬಂದ ಮಯಾಮಿಯ ಜಾನ್ ಮೊರಾಲೆಸ್, 10 ಗಂಟೆಯಲ್ಲಿ 50 ಮಿಲಿಬಾರ್ ಇಳಿಯಿತು ಎಂದು ಓದುತ್ತಿದ್ದಂತೆ ಅವರ ಗಂಟಲು ಕಟ್ಟಿತು. ಒಂದು ಅಂಕಿಯ ಹಿಂದೆ ಏನಿದೆ ಎಂದು ಬಲ್ಲವರಿಗೆ ಮಾತ್ರ ಅಂಥ ಅಳು ಬರಲು ಸಾಧ್ಯ.

ಆದರೆ ಎಷ್ಟು ಬಲ ಎಂಬುದು ಒಂದು ಪ್ರಶ್ನೆ, ಎಲ್ಲಿಗೆ ಎಂಬುದು ಬೇರೆಯೇ ಪ್ರಶ್ನೆ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಇದು ಬೇಗ ತಿಳಿಯುತ್ತದೆ. ಹರಿಗೋಲು ತನ್ನ ಸುತ್ತ ತಾನು ಗಿರಗಿರ ತಿರುಗುತ್ತಿರುತ್ತದೆ, ಆದರೆ ಹುಟ್ಟು ಹಾಕದೆ ಬಿಟ್ಟರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಹೇಳುವುದು ಹೊಳೆ. ಚಂಡಮಾರುತಕ್ಕೂ ಹೊಳೆ ಇದೆ: ಅದರ ಸುತ್ತಲೂ ನೂರಾರು ಕಿಲೋಮೀಟರ್ ಹರಡಿದ, ಹಲವು ಕಿಲೋಮೀಟರ್ ಆಳದ ಗಾಳಿಯ ಪ್ರವಾಹ. ಒಂದು ಕಡೆ ಅಟ್ಲಾಂಟಿಕ್ ಮೇಲಿನ ಅಧಿಕ ಒತ್ತಡದ ಗುಡ್ಡ, ಇನ್ನೊಂದು ಕಡೆ ಉತ್ತರದಿಂದ ಇಳಿದುಬರುವ ಕಡಿಮೆ ಒತ್ತಡದ ಕಣಿವೆ. ದಾರಿ ತಿಳಿಯಬೇಕಾದರೆ ಹರಿಗೋಲನ್ನಷ್ಟೇ ನೋಡಿದರೆ ಸಾಲದು, ಹೊಳೆಯನ್ನು ಅಳೆಯಬೇಕು.

ಅದಕ್ಕೇ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ, ಅಂದರೆ ನೋವಾ, ಎರಡು ಬಗೆಯ ವಿಮಾನಗಳನ್ನು ಇಟ್ಟುಕೊಂಡಿದೆ. ಟಿವಿಯ ಗೊಂಬೆಗಳ ಹೆಸರು ಹೊತ್ತ ಕರ್ಮಿಟ್ ಮತ್ತು ಮಿಸ್ ಪಿಗ್ಗಿ ಎಂಬ ಎರಡು ಪಿ-3 ವಿಮಾನಗಳು ನಾಲ್ಕು ಪಂಖದ ಗಟ್ಟಿ ಹಳೆಯ ಯಂತ್ರಗಳು. ಅವು ಕಣ್ಣಿನ ಗೋಡೆಯನ್ನು, ಅಂದರೆ ಕಣ್ಣನ್ನು ಸುತ್ತುವರಿದ ಜೋರುಗಾಳಿಯ ಬಳೆಯನ್ನು, ಸೀಳಿಕೊಂಡು ಒಳಗೇ ಹೋಗುತ್ತವೆ. ಮೂತಿ ಉದ್ದನೆಯ ಜೆಟ್ ವಿಮಾನ ಗಾಂಜೋ ಚಂಡಮಾರುತದ ಮೇಲೆ, ಸುತ್ತ, 13 ಕಿಲೋಮೀಟರ್ ಎತ್ತರದಲ್ಲಿ ಪ್ರದಕ್ಷಿಣೆ ಹಾಕುತ್ತ ಕೊಳವೆಗಳನ್ನು ಬಿಡುತ್ತದೆ. ಅಷ್ಟು ಎತ್ತರದಿಂದ ಬಿದ್ದ ಕೊಳವೆ ಕಾಲು ಗಂಟೆಯ ಹೊತ್ತು ಹೊಳೆಯ ಆಳವನ್ನೆಲ್ಲ ಮೇಲಿಂದ ಕೆಳಗೆ ಅಳೆಯುತ್ತದೆ. ಮಿಸಿಸಿಪಿಯ ಬಿಲಾಕ್ಸಿಯಿಂದ ವಾಯುಪಡೆಯ ಮೀಸಲು ತುಕಡಿಯೂ ಹಾರುತ್ತದೆ. ಈ ಸಾಹಸದ ಮೊದಲ ದಿನ 1943ರ ಜುಲೈ 27. ಜೋಸೆಫ್ ಡಕ್ವರ್ತ್ ಎಂಬ ವೈಮಾನಿಕ ಶಿಕ್ಷಕರು ಒಂದೇ ಎಂಜಿನ್ನಿನ ತರಬೇತಿ ವಿಮಾನದಲ್ಲಿ ಟೆಕ್ಸಾಸ್ ಕರಾವಳಿಯ ಚಂಡಮಾರುತದೊಳಗೆ ಹೊಕ್ಕು ಹಿಂದಿರುಗಿದರು.

ಕೊಳವೆಗಳು ಕಳಿಸಿದ ಅಂಕಿಗಳು ವಿಮಾನದಿಂದ ಉಪಗ್ರಹಕ್ಕೆ, ಅಲ್ಲಿಂದ ಸೂಪರ್ ಕಂಪ್ಯೂಟರುಗಳಿಗೆ ಹೋಗುತ್ತವೆ. ಕಡಲ ಮೇಲೆ ಹವಾಮಾನ ಕೇಂದ್ರಗಳು ತೀರಾ ವಿರಳ. ಉಪಗ್ರಹ ಮೇಲಿನಿಂದ ಮೋಡದ ತಲೆ ನೋಡುತ್ತದೆ, ಒಳಗಿನ ಗಾಳಿಯನ್ನು ಊಹಿಸುತ್ತದೆ. ಕೊಳವೆ ಮುಟ್ಟಿ ನೋಡಿ ಹೇಳುತ್ತದೆ. 1990ರ ಸುಮಾರಿಗೆ ಮೂರು ದಿನ ಮುಂಚೆ ಹೇಳಿದ ಜಾಗ ಸರಾಸರಿ 500 ಕಿಲೋಮೀಟರಿಗೂ ಹೆಚ್ಚು ತಪ್ಪುತ್ತಿತ್ತು. ಈಗ ಅದು 200ರೊಳಗೆ ಇಳಿದಿದೆ. ಉಪಗ್ರಹಗಳ, ಕಂಪ್ಯೂಟರ್ ಮಾದರಿಗಳ ಪಾಲು ಇದರಲ್ಲಿ ದೊಡ್ಡದು, ಕೊಳವೆಯ ಪಾಲೂ ಇದೆ.

ಉಳಿದ ತಪ್ಪನ್ನೇ ಜನರಿಗೆ ತೋರಿಸುವ ಚಿತ್ರವೊಂದಿದೆ. ನಕ್ಷೆಯ ಮೇಲೆ ಬಿಳಿಯ ಶಂಖದಂಥ ಆಕಾರ: ಇಂದಿನ ಬಳಿ ಕಿರಿದು, ಐದನೆಯ ದಿನದ ಬಳಿ ಅಗಲ. ಹಿಂದಿನ ಐದು ವರ್ಷಗಳಲ್ಲಿ ಮುನ್ಸೂಚನೆ ಎಷ್ಟೆಷ್ಟು ತಪ್ಪಿತ್ತು ಎಂದು ಲೆಕ್ಕ ಹಾಕಿ, ಮೂರರಲ್ಲಿ ಎರಡು ಸಲ ಕಣ್ಣು ಒಳಗೆ ಬೀಳುವಷ್ಟು ಅಗಲಕ್ಕೆ ಅದನ್ನು ಎಳೆಯುತ್ತಾರೆ. ಅಂದರೆ ಮೂರನೆಯ ಸಲ ಕಣ್ಣು ಹೊರಗೇ ಹೋಗಬಹುದು. ಅದು ಕಣ್ಣಿನ ದಾರಿ ಮಾತ್ರ. ಗಾಳಿ, ಮಳೆ, ಉಕ್ಕುವ ನೀರು ಎಲ್ಲಿಯವರೆಗೆ ಎಂದು ಅದು ಹೇಳುವುದೇ ಇಲ್ಲ. ಆದರೆ ಮನುಷ್ಯನ ಕಣ್ಣು ಆಕಾರದ ನಡುವಿನ ಗೆರೆಗೆ ಅಂಟಿಕೊಳ್ಳುತ್ತದೆ.

ಅದರ ಬೆಲೆ ಫ್ಲಾರಿಡಾಕ್ಕೆ ಚೆನ್ನಾಗಿ ಗೊತ್ತು. 2004ರ ಆಗಸ್ಟ್ 13ರಂದು ಚಾರ್ಲಿ ಚಂಡಮಾರುತದ ಗೆರೆ ಟ್ಯಾಂಪಾ ಕಡೆ ಇತ್ತು. ಅದು ಬಲಕ್ಕೆ ಹೊರಳಿ ಸುಮಾರು 140 ಕಿಲೋಮೀಟರ್ ದಕ್ಷಿಣದ ಕಾಯೋ ಕೋಸ್ಟಾ ದ್ವೀಪಕ್ಕೆ ಅಪ್ಪಳಿಸಿತು. 2022ರಲ್ಲಿ ಇಯನ್ ಕೂಡ ಟ್ಯಾಂಪಾಕ್ಕೆ ಬರುತ್ತದೆ ಎಂದೇ ಮೊದಮೊದಲು ಎಲ್ಲರೂ ನೋಡುತ್ತಿದ್ದರು. ಸೆಪ್ಟೆಂಬರ್ 28ರಂದು ಅದೂ ಕಾಯೋ ಕೋಸ್ಟಾದಲ್ಲೇ ದಡ ಹತ್ತಿತು. ಪಕ್ಕದ ಫೋರ್ಟ್ ಮೈಯರ್ಸ್ ಬೀಚಿನಲ್ಲಿ ನೆಲದಿಂದ 10ರಿಂದ 15 ಅಡಿ ನೀರು ನಿಂತಿತು. ಆ ಚಂಡಮಾರುತಕ್ಕೆ ಅಮೆರಿಕದಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಫೋರ್ಟ್ ಮೈಯರ್ಸ್ ಬೀಚಿನಲ್ಲಿ ಮನೆ ಬಿಡುವ ಆದೇಶ ಬಂದದ್ದು ಹಿಂದಿನ ದಿನ ಬೆಳಗ್ಗೆ. ಎರಡೂ ಸಲ ಆ ಊರುಗಳು ಬಿಳಿಯ ಆಕಾರದೊಳಗೇ ಅಥವಾ ಅದರ ಅಂಚಿನಲ್ಲೇ ಇದ್ದವು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಇಲ್ಲಿ ರೇಖಾಗಣಿತದ ಒಂದು ಕ್ರೌರ್ಯವಿದೆ. ಗೋಡೆಗೆ ಎದುರು ನಿಂತು ಚೆಂಡು ಎಸೆದರೆ, ಕೈ ತುಸು ಅಲುಗಿದರೂ ಚೆಂಡು ಬಡಿಯುವ ಜಾಗ ಒಂದು ಗೇಣು ಸರಿಯುತ್ತದೆ. ಗೋಡೆಯ ಪಕ್ಕದಲ್ಲಿ ನಿಂತು ಅದರ ಉದ್ದಕ್ಕೂ ಓರೆಯಾಗಿ ಎಸೆದರೆ, ಅಷ್ಟೇ ಅಲುಗಾಟಕ್ಕೆ ಆ ಜಾಗ ಹತ್ತು ಮಾರು ದೂರ ಹೋಗುತ್ತದೆ. ಚಾರ್ಲಿ, ಇಯನ್ ಎರಡೂ ದಡದ ಉದ್ದಕ್ಕೂ ಓರೆಯಾಗಿ ಬಂದವು. ನಮ್ಮ ಕರಾವಳಿಯವರು 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದಲ್ಲಿ ಕಂಡದ್ದೂ ಇಂಥದೇ ದಾರಿ. ಅದು ಕೇರಳದಿಂದ ಗುಜರಾತಿನವರೆಗೆ ದಡಕ್ಕೆ ಸಮಾನಾಂತರವಾಗಿ ಹೋಯಿತು. ಕರ್ನಾಟಕದಲ್ಲಿ ದಡ ಹತ್ತದೆಯೇ ಉಳ್ಳಾಲದಿಂದ ಕಾರವಾರದವರೆಗೆ ಮನೆ, ರಸ್ತೆ, ದೋಣಿಗಳನ್ನು ಕಡಲಿಗೆ ಎಳೆಯಿತು. ಅರಬ್ಬಿ ಸಮುದ್ರದ ಚಂಡಮಾರುತಗಳೊಳಗೆ ಕೊಳವೆ ಬಿಡಲು ವಾಡಿಕೆಯಾಗಿ ಹಾರುವ ವಿಮಾನ ನಮ್ಮಲ್ಲಿಲ್ಲ. ನಮ್ಮ ಹವಾಮಾನ ಇಲಾಖೆ ಉಪಗ್ರಹ, ತೇಲುಬುರುಡೆ, ರಾಡಾರ್‌ಗಳಿಂದಲೇ ಉತ್ತಮ ಕೆಲಸ ಮಾಡುತ್ತಿದೆ. ಆದರೂ ಪಶ್ಚಿಮ ಕರಾವಳಿಯ ಮೀನುಗಾರರಿಗಾಗಿ ಈ ಕೊಳವೆ ನಮ್ಮ ಕಡಲಿಗೂ ಬೀಳಬೇಕು ಎಂದು ನನಗೆ ಅನ್ನಿಸುತ್ತದೆ.

ದಾರಿಯನ್ನಲ್ಲದೆ ಬೇರೆಯದನ್ನೂ ಕೊಳವೆ ಕಲಿಸಿದೆ. ಅದು ಬರುವ ಮುಂಚೆ ಕಣ್ಣಿನ ಗೋಡೆಯ ಕೆಳಭಾಗದಲ್ಲಿ, ಕಡಲಿಗೆ ತೀರಾ ಹತ್ತಿರ, ಗಾಳಿ ಹೇಗಿದೆ ಎಂದು ಯಾರೂ ಚೆನ್ನಾಗಿ ಅಳೆದಿರಲಿಲ್ಲ. ಅಲ್ಲಿಗೆ ವಿಮಾನ ಇಳಿಸುವ ಹಾಗಿಲ್ಲ. ನೂರಾರು ಕೊಳವೆಗಳು ಬಿದ್ದ ಮೇಲೆ ತಿಳಿದದ್ದು: ಗಾಳಿ ಅತಿ ಜೋರಾಗಿರುವುದು ಕಡಲ ಮೇಲೆ ಸುಮಾರು ಅರ್ಧ ಕಿಲೋಮೀಟರ್ ಎತ್ತರದಲ್ಲಿ. ವಿಮಾನ ಮೂರು ಕಿಲೋಮೀಟರ್ ಎತ್ತರದಲ್ಲಿ ಕಾಣುವ ಗಾಳಿಯ ಸುಮಾರು ಶೇಕಡಾ 90ರಷ್ಟು ಕಡಲ ಮಟ್ಟಕ್ಕೂ ಮುಟ್ಟುತ್ತದೆ, ಹಿಂದೆ ಎಣಿಸಿದ್ದಕ್ಕಿಂತ ಹೆಚ್ಚು. ಈ ಲೆಕ್ಕ ಹಿಡಿದು 1992ರ ಆಂಡ್ರೂ ಚಂಡಮಾರುತವನ್ನು ಹತ್ತು ವರ್ಷಗಳ ನಂತರ ಮತ್ತೆ ತೂಗಿದರು. ಗಾಳಿಯ ಬಲದ ಲೆಕ್ಕದಲ್ಲಿ ನಾಲ್ಕನೆಯ ವರ್ಗದಲ್ಲಿದ್ದದ್ದು ಐದಕ್ಕೇರಿತು. ಕಡಲ ಬದಿಯ ಬಹುಮಹಡಿ ಕಟ್ಟಡದಲ್ಲಿ ಮೇಲಿನ ಮಹಡಿಗೆ ಓಡಿದರೆ ನೀರಿನಿಂದ ಪಾರಾಗಬಹುದು, ಆದರೆ ಇನ್ನೂ ಜೋರಾದ ಗಾಳಿಯ ಎದುರಿಗೆ ಹೋಗಿ ನಿಂತಂತಾಗುತ್ತದೆ ಎಂಬುದೂ ಈ ಲೆಕ್ಕದಿಂದಲೇ ಸ್ಪಷ್ಟವಾಯಿತು.

ಮಿಲ್ಟನ್ ಅಕ್ಟೋಬರ್ 9ರ ರಾತ್ರಿ ಎಂಟೂವರೆಯ ಸುಮಾರಿಗೆ ಸಿಯೆಸ್ಟಾ ಕೀ ಎಂಬಲ್ಲಿ ದಡ ಹತ್ತಿತು, ಕೊಲ್ಲಿಯ ಬಾಯಿಯಿಂದ 40 ಕಿಲೋಮೀಟರ್ ಆಸುಪಾಸು ದಕ್ಷಿಣಕ್ಕೆ. ಅಷ್ಟರಲ್ಲಿ ಬಲವೂ ಮೂರನೆಯ ವರ್ಗಕ್ಕೆ ಇಳಿದಿತ್ತು. ಟ್ಯಾಂಪಾ ಕೊಲ್ಲಿಯ ನೀರು ಕೆಲವು ಅಡಿ ಕೆಳಗಿಳಿದು ಕೆಸರಿನ ತಳ ಬಿಟ್ಟುಕೊಟ್ಟಿತು. ಹಾಗೆಂದು ಊರು ಉಳಿಯಿತು ಎನ್ನುವಂತಿಲ್ಲ. ಕೊಲ್ಲಿಯ ಆಚೆ ದಡದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು. ಪರಿಹಾರ ಕಾರ್ಯಕರ್ತರಿಗೆಂದು ಮಂಚ ಹಾಸಿಟ್ಟಿದ್ದ ಕ್ರೀಡಾಂಗಣದ ಚಾವಣಿ ಹರಿದು ಹಾರಿತು. ಕಣ್ಣು ಇನ್ನೂ ಕಡಲಿನಲ್ಲೇ ಇದ್ದಾಗ, ರಾಜ್ಯದ ಇನ್ನೊಂದು ತುದಿ, ಪೂರ್ವ ಕರಾವಳಿಯ ಸೇಂಟ್ ಲೂಸಿ ಕೌಂಟಿಯಲ್ಲಿ, ಮಿಲ್ಟನ್ ಹುಟ್ಟಿಸಿದ ಸುಂಟರಗಾಳಿಗೆ 6 ಜನ ಸತ್ತರು. ಕಣ್ಣಿನ ದಾರಿಯನ್ನೇ ನೋಡುತ್ತಿದ್ದವರಿಗೆ ಅದು ಕಾಣಿಸಿರಲಾರದು.

ಅದರ ಹಿಂದಿನ ದಿನ, ಅಕ್ಟೋಬರ್ 8ರಂದು, ನೋವಾದ ವಿಮಾನ ಮಿಲ್ಟನ್‌ನ ಕಣ್ಣಿನೊಳಗೆ ಹೋದಾಗ ಕಿಂಡಿಯಿಂದ ಇನ್ನೊಂದು ವಸ್ತುವೂ ಇಳಿಯಿತು. ಪೀಟರ್ ಡಾಜ್ ಎಂಬ ರಾಡಾರ್ ವಿಜ್ಞಾನಿ ಬದುಕಿನುದ್ದಕ್ಕೂ ಇಂಥ ಹಾರಾಟಗಳಲ್ಲಿ ಕಣ್ಣಿನ ಗೋಡೆ ದಾಟಿದವರು; 2023ರಲ್ಲಿ ತೀರಿಕೊಂಡಿದ್ದರು. ಸಹೋದ್ಯೋಗಿಗಳು ಅವರ ಚಿತಾಭಸ್ಮವನ್ನು ಆ ನಿಶ್ಶಬ್ದ ನಡುವಿಗೆ ಬಿಟ್ಟರು. ಒತ್ತಡ, ಗಾಳಿ, ಕಣ್ಣಿನ ಅಗಲಗಳನ್ನು ತುಂಬಿ ಮಯಾಮಿಯ ಚಂಡಮಾರುತ ಮುನ್ಸೂಚನಾ ಕೇಂದ್ರಕ್ಕೆ ಕಳಿಸುವ ಮಾಮೂಲಿ ವರದಿಯ ಕೊನೆಯ ಸಾಲಿನಲ್ಲಿ ಅವರ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ವರ್ಷ, ಮತ್ತು ಇದು ಅವರ 387ನೆಯ ದಾಟು ಎಂದು ಬರೆದಿತ್ತು.