ನಡುಗಡ್ಡೆಯ ಅಟ್ಟಣಿಗೆ

ಇಂಡಿ, ಸಿಂದಗಿ ಸೀಮೆಗೆ ಭೀಮೆಯೂ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗೆ ಕೃಷ್ಣೆಯೂ ಜೀವನಾಡಿಗಳು. ಈ ಹೊಳೆಗಳು ಕವಲೊಡೆದು ಮತ್ತೆ ಕೂಡುವೆಡೆಗಳಲ್ಲಿ ನಡುಗಡ್ಡೆಗಳುಂಟು. ಪಟ್ಟಣದಲ್ಲಿ ಓದುವ ನಮ್ಮ ತರುಣರು ಈಗ ರಜೆಯಲ್ಲಿ ಹರಗೋಲನ್ನೇರಿ ಅಲ್ಲಿಗೆ ಹೋಗಿ ಒಂದಿರುಳು ತಂಗಿ ಬರಲು ಹಂಬಲಿಸುವರು. ಕಳಿಸಬೇಕೋ ಬೇಡವೋ ಎಂದು ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಕಳಿಸಿರಿ, ಆದರೆ ಅಟ್ಟಣಿಗೆಯ ಮರ್ಮವನ್ನು ತಿಳಿಸಿ ಕಳಿಸಿರಿ.

ಜೋಳ ಹಾಲುಗಾಳಿಗೆ ಬಂದಾಗ ಹೊಲ ಕಾಯಲು ನಮ್ಮ ಹಿರಿಯರು ಕಟ್ಟುತ್ತಿದ್ದ ಮಂಚಿಕೆಯೇ ಈ ಅಟ್ಟಣಿಗೆ. ನಾಲ್ಕು ಜಾಲಿಯ ಕಂಬಗಳು, ಅಡ್ಡಕ್ಕೆ ಗಳಗಳು, ಪುಂಡಿನಾರಿನ ಹಗ್ಗದ ಬಿಗಿ, ಮೇಲೆ ಕಣಿಕೆಯ ಹೊದಿಕೆ. ಕೈಯಲ್ಲೊಂದು ಕವಣೆಯಿದ್ದರೆ ಆಯಿತು. ನಾವೂ ಬಾಲ್ಯದಲ್ಲಿ ಅದರ ಮೇಲೆ ಮಲಗಿದವರೇ. ಅಂಥ ನಿದ್ರೆಯನ್ನು ಗಾದಿ ಕೊಡಲಾರದು! ಗಡ್ಡೆಯಲ್ಲಂತೂ ಅದರ ಪ್ರಯೋಜನ ಇಮ್ಮಡಿ. ಹೊಳೆಯಂಚಿನ ಮಳಲು ನಡುರಾತ್ರಿ ಥಂಡಿಯಾಗುವುದು. ಹಾವು ಚೇಳುಗಳ ಸಂಚಾರವೂ ಅಲ್ಲಿಯೇ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಬೇಸಿಗೆಯ ಮೊದಲಲ್ಲಿ ಅವು ದಡದ ಮಳಲಿನಲ್ಲಿಯೇ ಮೊಟ್ಟೆಯಿಡುವುವು. ಅಲ್ಲಿ ಬಣ್ಣದ ಡೇರೆ ಹೊಡೆದು ಮಲಗುವುದು ಜಾಣತನವಲ್ಲ.

ಆದರೆ ಅಟ್ಟಣಿಗೆ ಹುಳುಹುಪ್ಪಡಿಯಿಂದ ಕಾಯುವುದೇ ಹೊರತು ಪ್ರವಾಹದಿಂದ ಕಾಯದು. ನಮ್ಮ ಸೀಮೆಯ ಹೊಳೆಗಳ ಸ್ವಭಾವವೇ ವಿಚಿತ್ರ: ಇಲ್ಲಿ ಆಕಾಶ ನಿರ್ಮಲವಾಗಿರುವಾಗಲೂ ಅವು ಏರುತ್ತವೆ. ಮಹಾಬಳೇಶ್ವರದ ಕಡೆ ಮಳೆ ಸುರಿದರೆ ಕೃಷ್ಣೆಯೂ, ಉಜನಿ ಜಲಾಶಯದ ಬಾಗಿಲು ತೆರೆದರೆ ಭೀಮೆಯೂ ಉಬ್ಬುವುವು. 2020ರ ಅಕ್ಟೋಬರದಲ್ಲಿ ಭೀಮೆ ದಂಡೆಯ ಊರುಗಳನ್ನೇ ಹೊಕ್ಕಳು. ಅದರ ಹಿಂದಿನ ವರ್ಷ, 2019ರ ಆಗಸ್ಟಿನಲ್ಲಿ, ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿಗೆ ಲಿಂಗಸುಗೂರು ತಾಲೂಕಿನ ಶೀಲಹಳ್ಳಿಯ ಸೇತುವೆ ಮುಳುಗಿ, ಕರಕಲಗಡ್ಡಿ, ಮ್ಯಾದರಗಡ್ಡಿಗಳ ಜನ ಹೊರಗಿನ ಸಂಪರ್ಕ ಕಳೆದುಕೊಂಡರು. ನಾವು ವಿಹಾರಕ್ಕೆಂದು ಹೋಗುವ ನೆಲದಲ್ಲಿ ಅವರು ಸಂಸಾರ ಹೂಡಿದ್ದಾರೆ. ಅವರ ಬೆಳೆಯನ್ನು ತುಳಿಯದಿರುವುದು, ಕೇಳದೆ ಒಂದು ಗಳವನ್ನೂ ಕೀಳದಿರುವುದು ಅತಿಥಿಯ ಕನಿಷ್ಠ ಧರ್ಮ. ಆಲಮಟ್ಟಿಯ ಹಿನ್ನೀರಿನ ಮಾತು ಬೇರೆ. ಜಲಾಶಯ 519.60 ಮೀಟರಿನವರೆಗೆ ತುಂಬಿದಾಗ ದಂಡೆಯೇ ಸರಿಯುವುದರಿಂದ, ನಿನ್ನೆ ನಡೆದುಹೋದ ದಿಬ್ಬಕ್ಕೆ ನಾಳೆ ದೋಣಿ ಬೇಕಾದೀತು.

ಆದ್ದರಿಂದ ಮಳೆಗಾಲದಲ್ಲಿ ಹೋಗುವ ಮಾತೇ ಬೇಡ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಕಾಲ ಪ್ರಶಸ್ತ. ಆಗಲೂ ಮೇಲಿನ ಅಣೆಕಟ್ಟಿನಿಂದ ನೀರು ಬಿಡುವರೇ ಎಂದು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ, ಅನುಮತಿ ಪಡೆದೇ ಹೊರಡಬೇಕು. ಹರಗೋಲು ದುಂಡಗಿನದು, ಒಬ್ಬರು ಎದ್ದುನಿಂತರೂ ವಾಲುವುದು. ಈಜು ಬಲ್ಲೆನೆಂಬ ಹುಡುಗನಿಗೂ ತೇಲುವ ಜಾಕೀಟು ತೊಡಿಸಿರಿ. ಅಂಬಿಗನು "ಇಂದು ಬೇಡ್ರಿ" ಎಂದರೆ ಮರುಮಾತಾಡದೆ ಹಿಂತಿರುಗಿರಿ. ಅಂಬಿಗರ ಚೌಡಯ್ಯನು ಶರಣರ ಸಾಲಿನಲ್ಲಿ ಕುಳಿತ ನಾಡಿದು. ಹುಟ್ಟು ಹಿಡಿದವನ ಅರಿವನ್ನು ಪದವೀಧರರು ಹಗುರವಾಗಿ ಕಾಣಬಾರದು.

ಅವನನ್ನು ಆ ರಾತ್ರಿ ಜೊತೆಯಲ್ಲಿಯೇ ಉಳಿಸಿಕೊಂಡು, ರೊಟ್ಟಿ ಬುತ್ತಿಯಲ್ಲಿ ಪಾಲು ಕೊಡಿರಿ. ಸಂಜೆ ನೀರಿನಂಚಿಗೆ ಒಂದು ಕೋಲು ನೆಟ್ಟು, ಸರದಿಯಂತೆ ಎದ್ದು ಬ್ಯಾಟರಿ ಬೆಳಕಿನಲ್ಲಿ ಅದನ್ನು ನೋಡುತ್ತಿರಬೇಕು. ಕೋಲಿನ ಬುಡ ನೀರಿಗೆ ಸೇರಿದ್ದರೆ ಎಲ್ಲರನ್ನೂ ಎಬ್ಬಿಸಿ ಗಡ್ಡೆಯ ಎತ್ತರದ ಭಾಗಕ್ಕೆ ನಡೆಯಬೇಕು, ದಡದ ಊರಿನವರಿಗೆ ದೀಪ ತೋರಿಸಿ ಕೂಗಬೇಕು. ಕತ್ತಲಲ್ಲಿ ತಾವೇ ಹರಗೋಲು ಬಿಡಬಾರದು.